ಶ್ರಾವಣದ ನೀರು: ಕಾಳಿ ಸೇತುವೆಯ ಚಿತ್ರ ಬಿಡಿಸಲು ಹಿಡಿದ ಹದಿನೈದು ತಿಂಗಳು

ಕಳೆದ ವಾರ ಕಾರವಾರದ ಎದುರು ದಡದ ಸದಾಶಿವಗಡದಲ್ಲಿ ಆಯಿಯ, ಅಂದರೆ ಅಮ್ಮನ, ಮನೆಯಲ್ಲಿ ಚಿತ್ರ ತೂಗುಹಾಕಿ ಬಂದೆ. 24 × 36 ಇಂಚಿನ ಕ್ಯಾನ್ವಾಸ್, ಅಕ್ರಿಲಿಕ್ ಬಣ್ಣ. ಕಾಳಿ ನದಿ, ಅದರ ಮೇಲೆ ಮುರಿದ ಹಳೇ ಸೇತುವೆ. ಮನಸ್ಸು ಮಾಡಿದ ದಿನದಿಂದ ಮೊಳೆ ಹೊಡೆದ ದಿನದವರೆಗೆ ಹದಿನೈದು ತಿಂಗಳು ಹಿಡಿಯಿತು. ಖರ್ಚು ₹10,380. ನಡುವೆ ಒಂದು ಪೂರ್ತಿ ಕ್ಯಾನ್ವಾಸ್ ಬದಿಗೆ ಹೋಯಿತು. ಹೈಸ್ಕೂಲು ಬಿಟ್ಟ ಮೇಲೆ ಕುಂಚ ಮುಟ್ಟದೆ, ನಲವತ್ತು ದಾಟಿದ ಮೇಲೆ ಏನೋ ಒಂದನ್ನು ಬಿಡಿಸಲೇಬೇಕು ಅನ್ನಿಸಿ ಕೂತವಳು ನಾನೊಬ್ಬಳೇ ಇರಲಿಕ್ಕಿಲ್ಲ. ಕರಾವಳಿಯ ಮಳೆ, ತೇವ, ಭರತ-ಇಳಿತಗಳ ನಡುವೆ ನೀರಿನ ಚಿತ್ರ ಮಾಡಹೊರಟವರಿಗೆ ಹೇಳಿಕೊಡುವವರು ಕಡಿಮೆ. ಅದಕ್ಕೇ ಇದನ್ನೆಲ್ಲ ಬರೆದಿಡುತ್ತಿದ್ದೇನೆ.

ಶುರುವಾದದ್ದು 2024ರ ಆಗಸ್ಟ್ 7ರಂದು. ಬೆಳಗಿನ ಐದೂವರೆಗೆ ಆಯಿಯ ಫೋನು: "ಸೇತುವೆ ಬಿತ್ತಂತೆ. ನೀನು ಮನೇಲಿದ್ದೀಯಲ್ಲ?" ರಾತ್ರಿ ಒಂದು ಗಂಟೆಯ ಸುಮಾರಿಗೆ ಹಳೇ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿದ್ದಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದ್ದರು. ನಾನು ಕಾರವಾರದ ಕಾಜುಬಾಗದಿಂದ ಕೋಡಿಬಾಗದ ನದಿದಂಡೆಗೆ ಓಡಿದೆ. ಕೊಡೆ ಹಿಡಿದವರು, ಹಿಡಿಯದವರು, ನೂರಾರು ಜನ ಸುಮ್ಮನೆ ನಿಂತಿದ್ದರು. ರಸ್ತೆ ಗಾಳಿಯಲ್ಲಿ ಮುಗಿದುಹೋಗಿತ್ತು. ಕೆಳಗೆ ಕೆಂಪು-ಕಂದು ನೀರು, ಮಧ್ಯದಲ್ಲಿ ಹೊರೆ ಇಳಿಸಿದಂತೆ ನಿಂತ ಕಂಬಗಳು. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ ಮಳೆಯಲ್ಲಿ ಅರ್ಧ ಅಳಿಸಿಹೋಗಿತ್ತು. ಆ ಬೆಳಿಗ್ಗೆ ಪಕ್ಕದ ಹೊಸ ಸೇತುವೆಯ ಮೇಲೂ ಓಡಾಟ ನಿಲ್ಲಿಸಿದ್ದರು. ಆಯಿ ಆ ದಡದಲ್ಲಿ, ನಾನು ಈ ದಡದಲ್ಲಿ, ಇಬ್ಬರ ಕೈಯಲ್ಲೂ ಫೋನು. "ನಿನ್ನ ಕೊಡೆ ಯಾವ ಬಣ್ಣದ್ದು?" ಎಂದು ಆಯಿ ಕೇಳಿದಳು. ಅಷ್ಟು ದೂರಕ್ಕೆ ಕಾಣುವ ಮಾತೇ ಇರಲಿಲ್ಲ.

1980ರ ದಶಕದಲ್ಲಿ ಆ ಸೇತುವೆ ಆಗುವವರೆಗೆ ಆಯಿ ಕಾರವಾರದ ಪೇಟೆಗೆ ದೋಣಿಯಲ್ಲಿ ಬರುತ್ತಿದ್ದಳು. ನಾನು ಮದುವೆಯಾಗಿ ಈಚೆ ಬಂದಮೇಲೆ ತವರೆಂದರೆ ನನಗೆ ಆ ಸೇತುವೆಯೇ. ಅದರ ಚಿತ್ರ ಬಿಡಿಸಬೇಕು ಎಂದು ಅವತ್ತೇ ಅನ್ನಿಸಿತು. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಮಳೆ ಮುಗಿಯಲಿ ಎಂದು ಕಾದೆ. ಅದೇ ನನ್ನ ಮೊದಲ ತಪ್ಪು ಎಂದು ಆಮೇಲೆ ತಿಳಿಯಿತು. ದೀಪಾವಳಿ ಮುಗಿಸಿ ನವೆಂಬರದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಕೋಡಿಬಾಗದ ದಂಡೆಯಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂತೆ. ಎರಡನೇ ಭಾನುವಾರ ಹೋದರೆ ನದಿಯೇ ಬೇರೆ. ಹಿಂದಿನ ವಾರ ಬರೆದುಕೊಂಡಿದ್ದ ಕಂಬದ ಬುಡ ನೀರೊಳಗೆ ಹೋಗಿತ್ತು, ದಂಡೆಯ ಕೆಸರು ಕಾಣುತ್ತಿರಲಿಲ್ಲ. ಬಲೆ ಬಿಡಿಸುತ್ತಿದ್ದ ಒಬ್ಬರು ನೋಡಿ ಹೇಳಿದರು: "ಅಕ್ಕಾ, ವಾರ ಲೆಕ್ಕ ಹಾಕ್ಬೇಡಿ, ತಿಥಿ ನೋಡಿ ಬನ್ನಿ." ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಹದಿನೈದು ದಿನಕ್ಕೆ ತಿರುಗಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಅಂದರೆ ಈ ಹುಣ್ಣಿಮೆಗೆ ಕಂಡ ನೀರು ಬರುವ ಅಮಾವಾಸ್ಯೆಗೆ ಸಿಗುತ್ತದೆ, ಬರುವ ಭಾನುವಾರಕ್ಕೆ ಸಿಗುವುದಿಲ್ಲ. ಅಳಿವೆಯ ಹತ್ತಿರ ಕೂತು ಬಿಡಿಸುವವರು ಮೊದಲು ಕ್ಯಾಲೆಂಡರಿನ ತಿಥಿ ನೋಡಿ. ಆ ಬಲೆಯವರಿಂದಲೇ ಇನ್ನೊಂದು ಕಲಿತೆ. ಭರತ ತಿರುಗುವಾಗ ನೀರು ಸ್ವಲ್ಪ ಹೊತ್ತು ಎತ್ತಲೂ ಹೋಗದೆ ನಿಲ್ಲುತ್ತದೆ. ಅದು ಬೆಳಗಿನ ಹೊತ್ತು ಆಗಿದ್ದು, ಕಡಲಗಾಳಿ ಇನ್ನೂ ಎದ್ದಿರದಿದ್ದರೆ, ಕಂಬಗಳ ಬಿಂಬ ನೀರಿನಲ್ಲಿ ಕನ್ನಡಿಯಂತೆ ಬೀಳುತ್ತದೆ. ಹತ್ತು-ಹನ್ನೊಂದರ ಮೇಲೆ ಗಾಳಿ ಎದ್ದರೆ ಮುಗಿಯಿತು, ಎಲ್ಲ ಚೂರುಚೂರು.

ಒಂದು ದಿನ ಪೊಲೀಸರೊಬ್ಬರು ಬಂದು ವಿಚಾರಿಸಿದರು. ನಮ್ಮದು ನೌಕಾನೆಲೆ ಇರುವ ಊರು, ಅದರ ಜೊತೆಗೆ ಕುಸಿದ ಸೇತುವೆ ಬೇರೆ. ಒಬ್ಬಳೇ ಕೂತು ಗೀಚುತ್ತಿದ್ದರೆ ಕೇಳುವುದು ಸಹಜ. ಆಧಾರ್ ಕಾರ್ಡು ಮನೆಯಲ್ಲಿತ್ತು. ಹೆಸರು, ಮನೆಯ ವಿಳಾಸ, ಕೆಲಸ ಎಲ್ಲ ಹೇಳಿ, ಪುಸ್ತಕದ ಒಂದೊಂದೇ ಹಾಳೆ ತೋರಿಸಿದ ಮೇಲೆ ಬಿಟ್ಟರು. ಆದರೆ ಅವತ್ತಿನ ನಿಂತ ನೀರು ಅಷ್ಟರಲ್ಲಿ ಹರಿದುಹೋಗಿತ್ತು. ಗುರುತಿನ ಚೀಟಿ ಬಣ್ಣದ ಚೀಲದಲ್ಲೇ ಇರಲಿ.

ನೀರಿನ ಬಿಂಬದ ಬಗ್ಗೆ ಆ ಎರಡು ತಿಂಗಳಲ್ಲಿ ಕಣ್ಣಿಂದಲೇ ತಿಳಿದದ್ದಿಷ್ಟು. ಕಂಬ ಎಲ್ಲಿದೆಯೋ ಅದರ ಬಿಂಬ ನೇರ ಕೆಳಗೇ ಬೀಳುತ್ತದೆ, ಬಿಸಿಲಿನ ನೆರಳಿನ ಹಾಗೆ ಓರೆಯಾಗುವುದಿಲ್ಲ. ಕಪ್ಪು ವಸ್ತುವಿನ ಬಿಂಬ ವಸ್ತುವಿಗಿಂತ ತುಸು ತಿಳಿ, ಬಿಳಿಯದರ ಬಿಂಬ ತುಸು ಮಬ್ಬು. ಮತ್ತೆ ಬಿಂಬವೆಂದರೆ ಮೇಲಿನದನ್ನು ತಲೆಕೆಳಗು ಮಾಡಿ ಇಳಿಸಿದ್ದಲ್ಲ. ನೀರಿನಲ್ಲಿ ಸೇತುವೆಯ ಹೊಟ್ಟೆಯಡಿ ಹೆಚ್ಚು ಕಾಣುತ್ತದೆ, ಮೇಲಿನ ಕಟಕಟೆ ಕಡಿಮೆ ಕಾಣುತ್ತದೆ. ಇದು ತಪ್ಪಿದರೆ ನೀರು ನೀರಾಗುವುದಿಲ್ಲ, ನೆಲಕ್ಕೆ ಹಾಸಿದ ಗಾಜಾಗುತ್ತದೆ.

ಸಾಮಾನಿಗೆ ಹುಬ್ಬಳ್ಳಿಗೆ ಹೋಗಬೇಕಾಯಿತು. ಇಲ್ಲಿಯ ಅಂಗಡಿಗಳಲ್ಲಿ ಮಕ್ಕಳ ಬಣ್ಣದ ಡಬ್ಬಿ ಸಿಕ್ಕಿತು, ದೊಡ್ಡ ಕ್ಯಾನ್ವಾಸ್ ಸಿಗಲಿಲ್ಲ. ಅರಬೈಲ್ ಘಟ್ಟ ಹತ್ತಿ ಹೋಗಿ ಬರುವ ಬಸ್ಸು, ಊಟ ಸೇರಿ ₹700. ಕ್ಯಾನ್ವಾಸ್ ಎರಡು, ಒಂದಕ್ಕೆ ₹1,100. ಎರಡು ತಂದದ್ದು ಅಂಗಡಿಯವರ ಮಾತಿಗೆ. ಆಗ ದುಂದು ಅನ್ನಿಸಿತ್ತು, ಈಗ ಅವರಿಗೆ ಕೈ ಮುಗಿಯುತ್ತೇನೆ. ಬಣ್ಣದ ಟ್ಯೂಬುಗಳಿಗೆ ₹3,400, ಕುಂಚ ಮತ್ತು ಬಣ್ಣ ಕಲಸಿ ಹಚ್ಚುವ ಚೂರಿಗಳಾದ ಪ್ಯಾಲೆಟ್ ನೈಫ್‌ಗಳಿಗೆ ₹850, ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಅಡಿಲೇಪ ಜೆಸ್ಸೊ ₹450. ಎಣ್ಣೆ ಬಣ್ಣ ಬೇಡವೆಂದದ್ದು ನಾನೇ. ಎಣ್ಣೆ ಬಣ್ಣದ ಒಂದು ಪದರ ಒಣಗಲು ಒಣಹವೆಯಲ್ಲೇ ದಿನಗಟ್ಟಲೆ ಬೇಕು. ಒಂದೇ ಕೋಣೆಯಲ್ಲಿ ಮಗನ ಓದು, ಬಟ್ಟೆ ಒಣಹಾಕುವುದು ಎಲ್ಲ ಆಗಬೇಕಾದ ಮನೆಗೆ ಅದು ಹೊಂದುವುದಿಲ್ಲ. ಬಣ್ಣ ಕೊಳ್ಳುವವರಿಗೆ ಒಂದು ಮಾತು: ಹನ್ನೆರಡು ಬಣ್ಣದ ಸೆಟ್ ಬೇಡ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ (ಕೆಂಪು ಛಾಯೆಯ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಟೈಟಾನಿಯಂ ವೈಟ್, ಒಂದು ಕೆಂಪು. ಇಷ್ಟರ ದೊಡ್ಡ ಟ್ಯೂಬು ತಗೊಳ್ಳಿ. ಮಳೆಗಾಲದ ಆಕಾಶದ ಬೂದುಬಣ್ಣ ನೀಲಿಗೆ ಸಿಯೆನಾ ಬೆರೆಸಿದರೆ ತಾನೇ ಬರುತ್ತದೆ. ಕಪ್ಪು ಟ್ಯೂಬನ್ನು ನಾನು ಕೊನೆಗೂ ಒಡೆಯಲಿಲ್ಲ.

ಜನವರಿ ಇಡೀ ಮೊದಲ ಕ್ಯಾನ್ವಾಸಿನ ಮೇಲೆ ಕೆಲಸ. ಹಳೇ ಫೋಟೊ ಒಂದರಿಂದ ಸೇತುವೆಯನ್ನು ಸ್ಕೇಲ್ ಹಿಡಿದು ಗೆರೆ ಎಳೆದು ಕೂರಿಸಿದೆ. ಕಂಬಗಳ ನಡುವಿನ ಅಂತರ ಸರಿ, ಗುಡ್ಡದ ಆಕಾರ ಸರಿ, ಬಿಂಬಗಳು ಪಾಠದ ಪ್ರಕಾರ. ಮುರಿದ ಭಾಗವನ್ನು ಪತ್ರಿಕೆಯ ಚಿತ್ರ ನೋಡಿ ತುಂಬಿಸಿದೆ. ದಿನಾ ರಾತ್ರಿ ಅಡುಗೆಮನೆ ಕೆಲಸ ಮುಗಿದಮೇಲೆ ಒಂದು ಗಂಟೆ. ಮುಗಿದ ದಿನ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎರಡು ದಿನ ಬಿಟ್ಟು ಗೋಡೆಗೆ ಒರಗಿಸಿ ನೋಡಿದರೆ ಏನೂ ಇಲ್ಲ. ಸೇತುವೆ ಇತ್ತು, ನದಿ ಇತ್ತು, ಆ ಬೆಳಿಗ್ಗೆ ಇರಲಿಲ್ಲ.

ಆಯಿ ಹಬ್ಬಕ್ಕೆ ಬಂದಾಗ ತೋರಿಸಿದೆ. ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದಳು. ಸೇತುವೆಯನ್ನು ನೋಡಲೇ ಇಲ್ಲ, ನೀರನ್ನು ನೋಡಿದಳು.

"ಇದು ದೀಪಾವಳಿ ಮೇಲಿನ ನೀರಲ್ಲವಾ? ಸೇತುವೆ ಬಿದ್ದದ್ದು ಶ್ರಾವಣದಲ್ಲಿ."

ನಾನು ಕೂತುಬಿಟ್ಟೆ. ನವೆಂಬರ್, ಡಿಸೆಂಬರದ ತಿಳಿ ಹಸಿರು ನೀರನ್ನು ಅಷ್ಟು ಶ್ರದ್ಧೆಯಿಂದ ಕಲಿತು, ಅದರ ಮೇಲೆ ಆಗಸ್ಟಿನ ಮುರಿದ ಸೇತುವೆಯನ್ನು ಇಟ್ಟಿದ್ದೆ. ಹೊಳೆಯಲ್ಲಿ ಕನ್ನಡಿಯಂಥ ಬಿಂಬ ಅವತ್ತು ಎಲ್ಲಿತ್ತು? ಘಟ್ಟದ ಮಣ್ಣೆಲ್ಲ ಹೊತ್ತ ನೀರು ಕಂಬಕ್ಕೆ ಗುದ್ದಿ ಸುತ್ತಿಕೊಂಡು ಹೋಗುತ್ತಿತ್ತು. ಎರಡು ದಿನ ನಿದ್ದೆ ಸರಿ ಬರಲಿಲ್ಲ. ಬಿಟ್ಟುಬಿಡೋಣ ಅನ್ನಿಸಿತು. ಮೂರನೇ ದಿನ ಅಂಕೋಲೆಗೆ ಹೋಗಿ, ಹೈಸ್ಕೂಲಿನಲ್ಲಿ ನಮಗೆ ಚಿತ್ರಕಲೆ ಕಲಿಸಿದ ಮಾಸ್ತರರನ್ನು ಕಂಡೆ. ನಿವೃತ್ತರಾಗಿ ವರ್ಷಗಳಾಗಿವೆ.

ಮಾಸ್ತರರು ಬೈಯಲಿಲ್ಲ. ಚಿತ್ರವನ್ನು ತಲೆಕೆಳಗು ನಿಲ್ಲಿಸಿ, "ತಂಗಿ, ಇದ್ರಲ್ಲಿ ಎಲ್ಲಕ್ಕಿಂತ ಕಪ್ಪು ಎಲ್ಲಿ?" ಎಂದು ಕೇಳಿದರು. ಹುಡುಕಿದೆ, ಇರಲಿಲ್ಲ. ಎಲ್ಲ ಒಂದೇ ನಡುಬಣ್ಣ. ಪೋಸ್ಟ್‌ಕಾರ್ಡ್ ಗಾತ್ರದ ಹಾಳೆಗಳನ್ನು ಕೊಟ್ಟು, ಇದ್ದಿಲಿನಲ್ಲಿ ಕಪ್ಪು, ಬೂದು, ಬಿಳಿ ಮೂರೇ ಬಣ್ಣದಲ್ಲಿ ಆ ಬೆಳಿಗ್ಗೆಯನ್ನು ಇಪ್ಪತ್ತು ಸಲ ಮಾಡಿಕೊಂಡು ಬಾ ಎಂದರು. ಫೋಟೊ ನೋಡಕೂಡದು. ಆಮೇಲೆ ಒಂದು ಹಳೇ ಪುಸ್ತಕದಿಂದ ಹಿರೋಶಿಗೆ ಎಂಬ ಜಪಾನಿನ ಕಲಾವಿದ 1857ರಲ್ಲಿ ಮಾಡಿದ ಮರದಚ್ಚಿನ ಚಿತ್ರ ತೋರಿಸಿದರು. ಏಕಾಏಕಿ ಸುರಿದ ಮಳೆ, ಓರೆಯಾಗಿ ಹೋದ ಮರದ ಸೇತುವೆ, ಅದರ ಮೇಲೆ ಬಗ್ಗಿ ಓಡುವ ಜನ. ಮಳೆಯೆಂದರೆ ಬರೀ ಗೆರೆಗಳು. ಮೂವತ್ತು ವರ್ಷದ ನಂತರ ಡಚ್ ಕಲಾವಿದ ವ್ಯಾನ್ ಗಾಗ್ ಅದನ್ನೇ ಎದುರಿಗಿಟ್ಟುಕೊಂಡು ಎಣ್ಣೆ ಬಣ್ಣದಲ್ಲಿ ಬಿಡಿಸಿದನಂತೆ. "ಆಚೆ ದಡ ನೋಡು, ಹೇಗೆ ಮಬ್ಬಾಗಿ ಬಿಟ್ಟಿದ್ದಾನೆ" ಎಂದರು ಮಾಸ್ತರರು. ನನಗೆ ಸದಾಶಿವಗಡದ ಗುಡ್ಡ ನೆನಪಾಯಿತು. ಫ್ರೆಂಚ್ ಕಲಾವಿದ ಮೋನೆಯ ಮಾತೂ ಬಂತು. ಲಂಡನ್ನಿನ ವಾಟರ್‌ಲೂ ಸೇತುವೆಯನ್ನು ಹೋಟೆಲಿನ ಕೋಣೆಯಿಂದ ನೋಡುತ್ತ ಆತ ನಲವತ್ತಕ್ಕೂ ಹೆಚ್ಚು ಕ್ಯಾನ್ವಾಸ್ ಶುರುಮಾಡಿ, ಹೆಚ್ಚಿನವನ್ನು ಫ್ರಾನ್ಸಿನ ಮನೆಗೆ ಒಯ್ದು ಮುಗಿಸಿದ. ಸೇತುವೆ ಅದೇ, ಹೊತ್ತು ಬೇರೆ ಬೇರೆ.

ಇಪ್ಪತ್ತು ಹಾಳೆಗಳಲ್ಲಿ ಹದಿನಾಲ್ಕನೆಯದು ಆಗುವಷ್ಟರಲ್ಲಿ ಹೊಸ ಸೇತುವೆ ತಾನಾಗಿ ಬಿಟ್ಟುಹೋಯಿತು. ಅದು ಅವತ್ತು ಅಲ್ಲಿ ಇತ್ತು, ನಿಜ. ಆದರೆ ಅವತ್ತು ನನಗೆ ದಾಟಲು ಯಾವ ಸೇತುವೆಯೂ ಇರಲಿಲ್ಲ. ಹದಿನೇಳನೆಯದರಲ್ಲಿ ಹಳೇ ಸೇತುವೆ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಕ್ಕೆ ಓರೆಯಾಗಿ ಎದ್ದು, ಮಧ್ಯದಲ್ಲಿ ನಿಂತುಹೋಯಿತು. ಅದನ್ನೇ ಹಿಡಿದೆ.

ಇನ್ನು ಬೇಕಾದದ್ದು ಶ್ರಾವಣದ ನೀರು. ಅದಕ್ಕೆ ಕಾಯುವುದೊಂದೇ ದಾರಿ. ಫೆಬ್ರವರಿಯಿಂದ ಮೇ ತನಕ ಆ ಹಾಳೆಗಳನ್ನು ಬಿಟ್ಟರೆ ಏನೂ ಮಾಡಲಿಲ್ಲ. ಆ ನಾಲ್ಕು ತಿಂಗಳು ಬಹಳ ಕಷ್ಟದವು, ಕೈ ಸುಮ್ಮನಿರುತ್ತಿರಲಿಲ್ಲ. 2025ರಲ್ಲಿ ಮುಂಗಾರು ಬೇಗ ಬಂತು, ಮೇ 24ಕ್ಕೇ ಕೇರಳಕ್ಕೆ ತಲುಪಿತ್ತು. ಮೇ ಕೊನೆಯಲ್ಲಿ ಇಲ್ಲೂ ಹೊಡೆಯಿತು. ಜೂನಿನಲ್ಲಿ ಕೊಡೆ, ರೇನ್‌ಕೋಟು, ಪ್ಲಾಸ್ಟಿಕ್ ಕವರಿನೊಳಗೆ ಪುಸ್ತಕ ಇಟ್ಟುಕೊಂಡು ಮತ್ತೆ ದಂಡೆಗೆ ಹೋದೆ.

ಆ ನೀರು ಒಂದೇ ಬಣ್ಣದ್ದಲ್ಲ. ಕಾಲ ಬುಡದಲ್ಲಿ ಚಿರೆಕಲ್ಲು ತೊಳೆದ ನೀರಿನ ಕೆಂಪು-ಕಂದು. ಮುಂದೆ ಹೋದ ಹಾಗೆ ಕಂದು ಕರಗಿ, ನಡುಹೊಳೆಯಲ್ಲಿ ಆಕಾಶದ ಬೂದುಬಣ್ಣ ಮೇಲಕ್ಕೆ ಬರುತ್ತದೆ. ಆಚೆ ದಡದ ಬುಡದಲ್ಲಿ ನೀರು, ಮಳೆ, ಆಕಾಶ ಮೂರೂ ಒಂದೇ ಬಿಳಿಚು. ಹತ್ತಿರದ ನೀರನ್ನು ಮೇಲಿನಿಂದ ನೋಡುತ್ತೇವೆ, ಹಾಗಾಗಿ ಒಳಗಿನ ಮಣ್ಣು ಕಾಣುತ್ತದೆ. ದೂರದ ನೀರನ್ನು ಓರೆಯಾಗಿ ನೋಡುತ್ತೇವೆ, ಆಗ ಬರೀ ಆಕಾಶ ಕಾಣುತ್ತದೆ. ಕಂಬದ ಬಿಂಬ ಇರುತ್ತದೆ, ಆದರೆ ಅಂಚಿಲ್ಲದ ಒಂದು ಮಸಿ ಮಾತ್ರ. ಕಂಬಕ್ಕೆ ನೀರು ಗುದ್ದುವ ಬದಿಯಲ್ಲಿ ನೊರೆ, ಹಿಂಬದಿಯಲ್ಲಿ ನುಣುಪಾದ ಒಂದು ಬಾಲ. ಮೇಲೆ ಕದ್ರಾ ಅಣೆಕಟ್ಟಿನ ಗೇಟು ತೆಗೆದ ದಿನಗಳಲ್ಲಿ ಆ ಬಾಲ ಉದ್ದವಾಗುತ್ತದೆ. ಇವನ್ನೆಲ್ಲ ನವೆಂಬರದಲ್ಲಿ ಎಷ್ಟು ಕೂತರೂ ಕಲಿಯಲಾಗುತ್ತಿರಲಿಲ್ಲ.

ಎರಡನೇ ಕ್ಯಾನ್ವಾಸಿಗೆ ಮೊದಲು ಬರ್ನ್ಟ್ ಸಿಯೆನಾವನ್ನು ನೀರು ಮಾಡಿ ಪೂರ್ತಿ ಬಳಿದೆ. ಬಿಳಿ ಕ್ಯಾನ್ವಾಸಿನ ಹೆದರಿಕೆ ಹೋಯಿತು. ಚಿರೆಕಲ್ಲಿನ ಬಣ್ಣ ಅಡಿಯಲ್ಲಿ ಸಿಕ್ಕಿತು. ಆಮೇಲೆ ಸೇತುವೆಯನ್ನು ಮುಟ್ಟದೆ ನೀರನ್ನೇ ಮಾಡಿದೆ, ಗೋಡೆಗೆ ಬಣ್ಣ ಹೊಡೆಯುವ ಎರಡಿಂಚಿನ ಬ್ರಶ್ಶಿನಲ್ಲಿ, ನಿಂತುಕೊಂಡು, ಭುಜದಿಂದ ಕೈ ಬೀಸಿ. ಕೂತು ಮಣಿಕಟ್ಟಿನಲ್ಲಿ ಬಿಡಿಸಿದರೆ ನೀರು ಹರಿಯುವುದಿಲ್ಲ. ಸೇತುವೆಯನ್ನು ಪ್ಯಾಲೆಟ್ ನೈಫಿನಲ್ಲಿ ದಪ್ಪವಾಗಿ ಎಳೆದೆ. ಮುರಿದ ಜಾಗದಲ್ಲಿ ಏನನ್ನೂ ಬಿಡಿಸಲಿಲ್ಲ. ಅಲ್ಲಿ ಅಡಿಯ ಸಿಯೆನಾ ಹಾಗೇ ಉಳಿದಿದೆ, ಎರಡು ಬೆರಳಿನಷ್ಟು ಅಗಲ. ಈ ದಡದಲ್ಲಿ ಒಂದು ಕೊಡೆ ಇದೆ, ಕೆಂಪು. ಇಡೀ ಚಿತ್ರದಲ್ಲಿ ಅಚ್ಚ ಕೆಂಪು ಅಷ್ಟೇ. ಅವತ್ತಿನ ನನ್ನ ಕೊಡೆ ಕಪ್ಪು. ಆಯಿ ಕೇಳಿದ್ದಕ್ಕೆ ಕಾಣುವಂಥ ಉತ್ತರ ಕೊಡಬೇಕಿತ್ತು ಅನ್ನಿಸಿ ಕೆಂಪು ಹಚ್ಚಿದೆ.

ಮಳೆಗಾಲದಲ್ಲಿ ಅಕ್ರಿಲಿಕ್ ಮಾಡುವವರಿಗೆ ತೊಂದರೆಗಳನ್ನು ಮುಚ್ಚಿಡದೆ ಹೇಳುತ್ತೇನೆ. ಜನವರಿಯಲ್ಲಿ ಹತ್ತು-ಹದಿನೈದು ನಿಮಿಷಕ್ಕೆ ಒಣಗುತ್ತಿದ್ದ ತೆಳು ಪದರ ಜುಲೈಯಲ್ಲಿ ಗಂಟೆ ಕಳೆದರೂ ಅಂಟಂಟು. ನೈಫಿನಲ್ಲಿ ಹಚ್ಚಿದ ದಪ್ಪ ಭಾಗ ಮೂರು ದಿನವಾದರೂ ಒಳಗೆ ಮೆತ್ತಗೇ ಇತ್ತು. ಅವಸರಕ್ಕೆ ಮೇಲೆ ಇನ್ನೊಂದು ಪದರ ಹಚ್ಚಿ ನೀರಿನ ಎಡಮೂಲೆ ಪೂರ್ತಿ ಕೆಸರಾಯಿತು. ಕಂದು, ನೀಲಿ, ಬಿಳಿ ಎಲ್ಲ ಕಲಸಿ ಸತ್ತ ಬಣ್ಣ. ವಾರ ಬಿಟ್ಟು, ಒಣಗಿದ ಮೇಲೆ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಜೆಸ್ಸೊ ಹಚ್ಚಿ, ಸಿಯೆನಾದಿಂದ ಮತ್ತೆ ಶುರು ಮಾಡಿದೆ. ಆ ಮೂಲೆಗೇ ಹನ್ನೆರಡು ದಿನ ಹೋಯಿತು. ಅಕ್ರಿಲಿಕ್ ಒಣಗಿದಮೇಲೆ ಒಂದು ಛಾಯೆ ಗಾಢವಾಗುತ್ತದೆ. ಅದು ನೆನಪಿಟ್ಟು, ಬೇಕಾದ್ದಕ್ಕಿಂತ ತುಸು ತಿಳಿಯಾಗಿಯೇ ಕಲಸಿ.

ಕ್ಯಾನ್ವಾಸ್ ಬಟ್ಟೆ ತೇವಕ್ಕೆ ಸಡಿಲಾಗಿ ಜೋತುಬಿತ್ತು. ಚೌಕಟ್ಟಿನ ಹಿಂಬದಿಯ ಮೂಲೆಗಳಲ್ಲಿ ಮರದ ಸಣ್ಣ ಬೆಣೆ ಇರುತ್ತವೆ, ಅವನ್ನು ಮೆಲ್ಲಗೆ ತಟ್ಟಿದರೆ ಬಿಗಿಯಾಗುತ್ತದೆ. ಕೊಳ್ಳುವಾಗಲೇ ಬೆಣೆ ಇವೆಯೇ ಎಂದು ತಿರುಗಿಸಿ ನೋಡಿ. ಆಗಸ್ಟಿನಲ್ಲಿ ಬಟ್ಟೆಯ ಹಿಂದೆ ಕರಿ ಬೂಸಲಿನ ಚುಕ್ಕೆ ಕಂಡವು. ನನ್ನ ಎದೆ ಧಸಕ್ಕೆಂದಿತು. ಗೋಡೆಗೆ ಒರಗಿಸಿ ಇಟ್ಟದ್ದೇ ಕಾರಣ. ಒಣಬಟ್ಟೆಯಲ್ಲಿ ಒರೆಸಿ, ಕೋಣೆಯ ಮಧ್ಯೆ ಕುರ್ಚಿಯ ಮೇಲೆ ನಿಲ್ಲಿಸಿ, ರಾತ್ರಿಯಿಡೀ ಫ್ಯಾನ್ ಹಾಕಿಟ್ಟೆ. ಬಿಸಿಲು ಬಿದ್ದ ದಿನ ಬೆನ್ನು ಬಿಸಿಲಿಗೆ. ಮನೆಯವರು ಕರೆಂಟ್ ಬಿಲ್ಲಿನ ಮಾತೆತ್ತಲಿಲ್ಲ, ಅದು ಅವರ ದೊಡ್ಡ ಮನಸ್ಸು.

ಆಗಸ್ಟ್ 7ರ ಹೊತ್ತಿಗೆ ಮುಗಿಸಬೇಕೆಂದಿದ್ದೆ, ಸೆಪ್ಟೆಂಬರ್ 20 ಆಯಿತು. ವಾರ್ನಿಶ್ ಹಚ್ಚುವ ಮೊದಲು ಜನವರಿಯ ಹಳೇ ಚಿತ್ರದ ಮೇಲೆ ಅಂಗೈಯಗಲ ಹಚ್ಚಿ ನೋಡಿದೆ. ಮಳೆ ಬರುತ್ತಿದ್ದ ದಿನ, ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ತೇವದ ಹವೆಯಲ್ಲಿ ವಾರ್ನಿಶ್ ಮುಟ್ಟಲೇಬೇಡಿ. ದೀಪಾವಳಿ ಕಳೆದು, ಒಣಗಾಳಿ ಬಿದ್ದಮೇಲೆ ನವೆಂಬರದಲ್ಲಿ ಹಚ್ಚಿದೆ. ಅದಕ್ಕೆ ₹380, ಫ್ರೇಮಿಗೆ ₹2,400.

ನಡುವೆ ಒಂದು ಪ್ರದರ್ಶನಕ್ಕೂ ಅರ್ಜಿ ಹಾಕಿದ್ದೆ. ಚಿತ್ರ ನನ್ನದೇ ಸ್ವಂತದ್ದು ಎಂಬ ಘೋಷಣೆ, ಆಧಾರ್ ಪ್ರತಿ, ಚಿತ್ರದ ಫೋಟೊ, ಅಳತೆ ಎಲ್ಲ ಕಳಿಸಿದೆ. ಅಳತೆಯ ಮಿತಿ 36 ಇಂಚು ಎಂದಿತ್ತು. ಅದು ಫ್ರೇಮ್ ಸೇರಿಸಿ ಎಂದು ಮೂರು ವಾರದ ಮೇಲೆ ತಿಳಿಸಿ ವಾಪಸು ಕಳಿಸಿದರು. ಫಾರಂನಲ್ಲಿ ಎಲ್ಲೂ ಹಾಗೆ ಬರೆದಿರಲಿಲ್ಲ. ತುಂಬ ಬೇಜಾರಾಯಿತು. ನೀವು ಕಳಿಸುವುದಾದರೆ ಫೋನು ಮಾಡಿ ಇದನ್ನೊಂದು ಮೊದಲೇ ಕೇಳಿಕೊಳ್ಳಿ. ಫೋಟೊವನ್ನು ವಾರ್ನಿಶ್ ಹಚ್ಚುವ ಮುಂಚೆ, ಹಗಲಿನಲ್ಲಿ, ಅಂಗಳದ ನೆರಳಲ್ಲಿ ತೆಗೆಯಿರಿ, ಹೊಳಪು ಹೊಡೆಯುವುದಿಲ್ಲ.

ಮಾಸ್ತರರು ಬಂದು ನೋಡಿದರು. ತಲೆಕೆಳಗು ಮಾಡಿ ನಿಲ್ಲಿಸಿ, ಕಪ್ಪು ಎಲ್ಲಿ ಎಂದು ಕೇಳದೆ ಕಂಬದ ಬುಡದತ್ತ ಬೆರಳು ತೋರಿಸಿ ತಲೆಯಾಡಿಸಿದರು.

ಕಳೆದ ಭಾನುವಾರ ಹಳೇ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸ ಸೇತುವೆ ದಾಟಿ ಒಯ್ದೆ. ಆಯಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿಸಿ ಬಹಳ ಹೊತ್ತು ನೋಡಿದಳು. ಕೆಂಪು ಕೊಡೆಯ ಮೇಲೆ ಬೆರಳಿಟ್ಟು, "ಒದ್ದೆಯಾಗಿದ್ದೆಯಲ್ಲ ಅವತ್ತು" ಎಂದಳು. ಹಾಲ್‌ನ ಪಡುವಣ ಗೋಡೆಗೆ ಮೊಳೆ ಹೊಡೆಯಲು ಹೋದರೆ ತಡೆದಳು: "ಆ ಗೋಡೆ ಬೇಡ, ಮಳೆಗಾಲಕ್ಕೆ ಜಿನುಗ್ತದೆ." ಒಳಗೋಡೆಗೆ ಹಾಕಿದೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ತುಂಡು ಅಂಟಿಸಿದ್ದೇನೆ, ಗೋಡೆಗೂ ಚಿತ್ರಕ್ಕೂ ನಡುವೆ ಅರ್ಧ ಇಂಚು ಗಾಳಿ ಆಡುತ್ತದೆ. ಜೂನಿನಿಂದ ವಾರಕ್ಕೊಮ್ಮೆ ಇಳಿಸಿ ಬೆನ್ನು ಒರೆಸುವ ಕೆಲಸವನ್ನು ಆಯಿ ತಾನೇ ವಹಿಸಿಕೊಂಡಿದ್ದಾಳೆ.